ಎಲುಬಿಲ್ಲದ ನಾಲಿಗಿ

ವಾರದಾಗ ಆರು ದಿನ ಹುಬ್ಬಳ್ಳಿ ದವಾಖಾನಿ,
ಪ್ಲಾಸ್ಟರ್ ಖೋಲಿ.
ಇಪ್ಪತ್ತಾರು ವರ್ಷ ಆತು,
ಉಗುರಿನ ಸಂದ್ಯಾಗಿನ ಬಿಳೀ ಹಿಟ್ಟು ಹೋಗಿಲ್ಲ.
ಏಳನೇ ದಿನ ಬೆಣ್ಣಿಹಳ್ಳದ ದಂಡಿ.

ಕುಮುದಾ ಹಂಪಿಹೊಳಿ ಬಾಯಾರು
ಕಾಲು ಮುರಕೊಂಡು ನನ್ನ ಮುಂದ ಕುಂತಾಗ ಕೇಳಿದ್ದರು:
ಸತ್ತ ಎಲುಬಿಗೂ ಪಟ್ಟಿ ಹಾಕ್ತೀರೇನು, ಮಕ್ತುಮಸಾಬ?
ಅವು ಒದರಾಡೂದಿಲ್ಲಲ್ಲರೀ, ಬರ್ತೇನಿ, ಅಂದೆ.

ಯಾವಗಲ್ ದಾಟಿ, ಹೋದ ಮಳಿಗಾಲದಾಗ ದಂಡಿ ಕುಸಿದಿತ್ತು.
ಮ್ಯಾಲೆ ಆಳುದ್ದ ಎರಿ,
ಅದರ ಕೆಳಗ ಸುಣ್ಣದ ಹರಳು,
ಅದರ ಕೆಳಗ ಉಸುಕು ಗರಸು ಹೆಪ್ಪುಗಟ್ಟಿದ ಪದರು.
ಆ ಪದರಿನಾಗಿಂದ ಮೊಳದುದ್ದ ಚಾಚಿದ್ದಕ್ಕ
ಎರಡು ತಿಂಗಳು ಆಡಿನ ಮರಿ ಕಟ್ಟಿದ್ದಳು ನೀಲವ್ವ,
ಗೂಟ ಅಂತ.
ಅದು ಕೋಡು.

ಕಲ್ಲೋ ಎಲುಬೋ, ಹೆಂಗ ತಿಳೀಬೇಕು?
ಬಾಯಾರು ಒಂದು ಚೂರು ನಾಲಿಗಿ ಮ್ಯಾಲೆ ಇಟ್ಟುಕೊಂಡರು.
ಕಲ್ಲಾದರ ಉದುರತೈತಿ, ಎಲುಬಾದರ ಹಿಡಕೊಳ್ಳತೈತಿ.
ನಾನೂ ಇಟ್ಟುಕೊಂಡೆ. ಹಿಡಕೊಂಡಿತು,
ಕೂಸು ಬೆರಳು ಹಿಡದಂಗ.
ಎಲುಬಿಲ್ಲದ ನಾಲಿಗಿ ಹೆಂಗ ಬೇಕಾದರೂ ಹೊಳ್ಳತೈತಿ ಅಂತ
ನಮ್ಮವ್ವ ಬೈತಿದ್ದಳು.
ಎಲುಬು ಸಿಕ್ಕ ಕೂಡಲೇ ಅದಕ್ಕ ಮಾತ ಬರಲಿಲ್ಲ.

ಸನಿಕಿ ಬ್ಯಾಡ, ಗುದ್ದಲಿ ಬ್ಯಾಡ.
ಹಲ್ಲಿನ ಡಾಕ್ಟರು ಬಿಸಾಕಿದ ಸೂಜಿ, ಬಣ್ಣದ ಬ್ರಷ್ಷು,
ಕಿವಿ ತೊಳಿಯೂ ರಬ್ಬರ್ ಬುಗ್ಗಿ.
ನರಗುಂದದ ಪಂಪ್‌ಸೆಟ್ ಮೆಕ್ಯಾನಿಕ್ ಶಂಕ್ರಗೌಡ,
ಹೈಸ್ಕೂಲಿನ ಇಬ್ಬರು ಹುಡುಗ್ಯಾರು, ನಾನು.
ಹಗಲೆಲ್ಲ ಕುಂತರ ಅಂಗೈಯಗಲ.
ಪಾರ್ವತೆವ್ವಗ ಬರಿಯೂದೇ ಕೆಲಸ:
ಎಷ್ಟು ಆಳ, ಯಾವ ದಿಕ್ಕು, ಯಾವುದರ ಬಾಜೂಕ ಯಾವುದು.
ಬರೀದ ತೆಗೆದರ ಅದು
ಕೇಸ್‌ಪೇಪರ್ ಇಲ್ಲದ ಪೇಷಂಟು.
ದಂಡಿ ಮ್ಯಾಲೆ ನಿಂತವರು ಕೇಳೂದು ಒಂದ:
ಎಷ್ಟು ತೊಲಿ ಸಿಕ್ಕತ್ರೀ?

ನಾಕನೇ ಐತಾರ ಪಕ್ಕೆಲುಬು ಕಂಡಿತು,
ನಡುವ ಒಂದು ಗಂಟು.
ಸುಣ್ಣ ಕಟ್ಟಿರಬೇಕು, ಅಂದರು ಬಾಯಾರು.
ನನ್ನ ಹೆಬ್ಬೆರಳು ತಾನ ಹೋತು ಅದರ ಮ್ಯಾಲೆ.
ಅಲ್ಲರೀ, ಇದು ಮುರದು ಕೂಡಿದ್ದು.
ಇಂಥಾವ ಸಾವಿರ ಮುಟ್ಟೇನಿ, ತೊಗಲಿನ ಮ್ಯಾಲಿಂದ.
ತೊಗಲಿಲ್ಲದ್ದು ಇದ ಮೊದಲು.

ಯಾವ ಹೋರಿ ತಿವಿದಿತ್ತೋ, ಯಾವ ದರಿಯಾಗ ಬಿದ್ದಿತ್ತೋ,
ಉಸಿರೆಳದಾಗೆಲ್ಲ ಚುಚ್ಚಿರಬೇಕು ಆ ಕಾಡೆತ್ತಿಗೆ.
ಹಿಂಡಿನ ಹಿಂದಹಿಂದ ನಿಂತು ನಿಂತು ಮೇದಿರಬೇಕು.
ಪಕ್ಕೆಲುಬಿಗೆ ನಾವೂ ಪ್ಲಾಸ್ಟರ್ ಹಾಕೂದಿಲ್ಲ,
ತಾನ ಕೂಡತೈತಿ, ಹೋಗು, ಅಂತ ಮನಿಗೆ ಕಳಸ್ತೀವಿ.
ಇದಕ್ಕ ಹಂಗ ಅನ್ನಾಕೂ ಯಾರಿದ್ದಿಲ್ಲ.
ಆದರೂ ಕೂಡೇತಿ.
ಸ್ವಲ್ಪ ಸೊಟ್ಟ.

ಅಸಿಟೋನಿನಾಗ ಕರಗಿಸಿದ ಅಂಟು ಹನಿ ಹನಿ ಕುಡಿಸಿ,
ಒದ್ದಿ ಕಾಗದ ಹೊದಿಸಿ,
ಗೋಣಿ ಪಟ್ಟಿ ಪ್ಲಾಸ್ಟರಿನಾಗ ಅದ್ದಿ ಅದ್ದಿ ಸುತ್ತಿದೆ.
ಗಟ್ಟಿ ಆಗೂ ಮುಂದ ಬಿಸಿ ಏರತೈತಿ, ಪ್ಲಾಸ್ಟರಿನ ಗುಣ ಅದು.
ಅಂಗೈ ಇಟ್ಟೆ. ಜ್ವರ ಬಂದ ಮೈ.
ರೂಢಿ ನೋಡ್ರಿ, ಬಾಯಿಂದ ಬಂದ ಬಿಟ್ಟಿತು:
ಬೆರಳು ಆಡಿಸು ನೋಡೂಣು.
ಹುಡುಗ್ಯಾರು ನಕ್ಕರು. ಶಂಕ್ರಗೌಡ ನಕ್ಕ.
ಬಾಯಾರು ಒಂದು ಚಣ ಗೊರಸು ಇರಬೇಕಾದ ಕಡೆ ನೋಡಿ
ಆಮ್ಯಾಲೆ ನಕ್ಕರು.

ಬುಡ ಕೊರದು, ಹೊಳ್ಳಿಸಿ, ತಳಕ್ಕೂ ಪಟ್ಟಿ.
ಮ್ಯಾಲೆ ನಂಬರು, ತಾರೀಖು, ಬಡಗ ದಿಕ್ಕಿಗೊಂದು ಬಾಣ.
ಆರು ಮಂದಿ ಹೊತ್ತು ಟಂಟಂಗೆ ಏರಿಸಿದಿವಿ.
ವಯಸ್ಸು ಎಷ್ಟರೀ?
ಉಸುಕು ಲ್ಯಾಬಿಗೆ ಹೋಗೇತಿ, ಬರಲಿ.

ಈಗ ಧಾರವಾಡದಾಗ, ಕಾಲೇಜಿನ ಕೋಣ್ಯಾಗ,
ಮುರುಕ ಬೆಂಚಿನ ಹಿಂದ ಮಲಗೇತಿ.
ಆರು ವಾರ ಆತು, ಬಿಚ್ಚಾಕ ಕಟರ್ ತರಲೇನ್ರೀ, ಅಂತ ಕೇಳಿದೆ.
ಕಪಾಟು ಬರಬೇಕು, ಅನುದಾನ ಬರಬೇಕು,
ಬರೂ ವರ್ಷ ನೋಡೂಣು, ಅಂದರು.

ಸೋಮವಾರ ಕುಂದಗೋಳದ ಹುಡುಗ, ಮುಂಗೈ.
ಬಿಸಿ ಆಗಾಕತ್ತೇತಿ ಅಂತ ಅತ್ತ.
ಆಗತೈತಿ ತಮ್ಮಾ, ಎಲ್ಲಾರಿಗೂ ಆಗತೈತಿ.
ಪೆನ್ನು ತಗೊಂಡು ತಾರೀಖು ಬರದೆ.
ಬರದ ಕೈ ನಿಲ್ಲಲಿಲ್ಲ,
ಬಡಗ ದಿಕ್ಕಿಗೊಂದು ಬಾಣ.